ವಿಂಡೋಸ್ 10 ಇರುವ ಮನೆ ಕಂಪ್ಯೂಟರ್: ಬದಲಿಸಬೇಕಾ, ಬಿಡಬೇಕಾ?



ರಾಯದುರ್ಗ ಆಗಲಿ, ಮಡಕಶಿರಾ ಆಗಲಿ, ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಇರುವುದು ಒಂದೇ ಕಂಪ್ಯೂಟರ್. ಅದೂ ಬಳ್ಳಾರಿಯಿಂದಲೋ ಬೆಂಗಳೂರಿನಿಂದಲೋ ತಂದ ಸೆಕೆಂಡ್ ಹ್ಯಾಂಡ್. ಅದರಲ್ಲೇ ಅಣ್ಣನ ಕೆಲಸದ ಅರ್ಜಿ, ಅದರಲ್ಲೇ ಅಪ್ಪನ ಅಂಗಡಿ ಲೆಕ್ಕ, ಅದರಲ್ಲೇ ಅಕ್ಕನ ಮದುವೆ ಫೋಟೋ, ಅದರಲ್ಲೇ ನಿಮ್ಮ ವಿಜ್ಞಾನ ಪ್ರಾಜೆಕ್ಟ್. ಈಗ ಆ ಕಂಪ್ಯೂಟರಿನ ಪರದೆ ಮೇಲೆ "ವಿಂಡೋಸ್ 10ಕ್ಕೆ ಬೆಂಬಲ ಮುಗಿದಿದೆ" ಎಂಬ ಅರ್ಥದ ಸೂಚನೆ ಬರುತ್ತಿದೆ. "ಸಾರ್, ಅಪ್‌ಗ್ರೇಡ್ ಒತ್ತಬಹುದಾ?" ಅಂತ ನಿಮ್ಮಲ್ಲಿ ಹಲವರು ಕೇಳುತ್ತೀರಿ.

ಒತ್ತಿ ಅಂತಲೂ ಹೇಳಲಾಗದು, ಬೇಡ ಅಂತಲೂ ಹೇಳಲಾಗದು. ಡಾಕ್ಟರು ರೋಗಿಯನ್ನು ನೋಡದೆ ಮಾತ್ರೆ ಬರೆಯುತ್ತಾರಾ? ಇಲ್ಲ ಅಲ್ವಾ. ಇಲ್ಲೂ ಹಾಗೇ. ಮೊದಲು ನಾಲ್ಕು ಸಂಗತಿ ತಿಳಿದುಕೊಳ್ಳೋಣ, ಆಮೇಲೆ ತೀರ್ಮಾನ.

ಆಪರೇಟಿಂಗ್ ಸಿಸ್ಟಮ್ ಏನು ಮಾಡುತ್ತದೆ?

ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಯೂನಿಟ್ ನೋಡಿರುತ್ತೀರಿ. ಹೊಲಿಗೆ ಮೆಷಿನ್‌ಗಳಿವೆ, ಬಟ್ಟೆ ಹರಡಿಕೊಳ್ಳುವ ಕಟಿಂಗ್ ಮೇಜು ಇದೆ, ಬಟ್ಟೆ ತುಂಬಿಟ್ಟ ಗೋಡೌನ್ ಇದೆ. ಯಾವ ಮೆಷಿನ್‌ಗೆ ಯಾವ ಕೆಲಸ, ಮೇಜಿನ ಮೇಲೆ ಈಗ ಯಾವ ಬಟ್ಟೆ, ಗೋಡೌನ್ ಬೀಗ ಯಾರ ಕೈಗೆ ಕೊಡಬೇಕು, ಇದನ್ನೆಲ್ಲ ನೋಡಿಕೊಳ್ಳುವವನು ಮೇಸ್ತ್ರಿ.

ಕಂಪ್ಯೂಟರಿನಲ್ಲಿ ಪ್ರೊಸೆಸರ್ ಅಂದರೆ ಮೆಷಿನ್, ರ‍್ಯಾಮ್ ಅಂದರೆ ಕಟಿಂಗ್ ಮೇಜು, ಹಾರ್ಡ್‌ಡಿಸ್ಕ್ ಅಂದರೆ ಗೋಡೌನ್. ಆಪರೇಟಿಂಗ್ ಸಿಸ್ಟಮ್ ಅಂದರೆ ಮೇಸ್ತ್ರಿ. ವಿಂಡೋಸ್, ಲಿನಕ್ಸ್, ನಿಮ್ಮ ಫೋನಿನ ಆಂಡ್ರಾಯ್ಡ್, ಎಲ್ಲವೂ ಇಂಥ ಮೇಸ್ತ್ರಿಗಳೇ. ಅಪ್‌ಗ್ರೇಡ್ ಅಂದರೆ ಯೂನಿಟ್ ಹಾಗೇ ಇಟ್ಟುಕೊಂಡು ಮೇಸ್ತ್ರಿಯನ್ನು ಬದಲಾಯಿಸುವುದು. ಹೊಸ ಮೇಸ್ತ್ರಿ ಬೀಗದ ವಿಷಯದಲ್ಲಿ ಹುಷಾರಿ. ಆದರೆ ಅವನಿಗೆ ದೊಡ್ಡ ಮೇಜೇ ಬೇಕು.

"ಬೆಂಬಲ ನಿಂತಿತು" ಅಂದರೆ ನಿಂತದ್ದೇನು?

ವಿಂಡೋಸ್ 10 ಹೊರಬಂದದ್ದು 2015ರ ಜುಲೈ 29ರಂದು. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಅದರ ಸಾಮಾನ್ಯ ಬೆಂಬಲ ನಿಲ್ಲಿಸಿತು. ಕಂಪ್ಯೂಟರ್ ನಿಲ್ಲಲಿಲ್ಲ ನೋಡಿ. ಮರುದಿನ ಬೆಳಿಗ್ಗೆಯೂ ಅದು ಎಂದಿನಂತೆ ಆನ್ ಆಯಿತು. ನಿಂತದ್ದು ರಿಪೇರಿ.

ಆಪರೇಟಿಂಗ್ ಸಿಸ್ಟಮ್ ಕೋಟ್ಯಂತರ ಸಾಲುಗಳ ಪ್ರೋಗ್ರಾಂ. ಅಷ್ಟು ಸಾಲುಗಳಲ್ಲಿ ತಪ್ಪುಗಳು ಇದ್ದೇ ಇರುತ್ತವೆ. ಕೆಲವು ತಪ್ಪುಗಳು ಕಳ್ಳ ನುಗ್ಗುವಂಥ ಕಂಡಿಗಳು. ಅವು ಪತ್ತೆಯಾದಂತೆಲ್ಲ ಕಂಪನಿ ತೇಪೆ ಹಾಕಿ ಕಳಿಸುತ್ತದೆ. ನಾವು "ಅಪ್‌ಡೇಟ್" ಅನ್ನುವುದು ಬಹುಮಟ್ಟಿಗೆ ಈ ತೇಪೆಗಳನ್ನೇ.

ಇಲ್ಲಿ ಒಂದು ಸೂಕ್ಷ್ಮ ಇದೆ. ವಿಂಡೋಸ್ 10 ಮತ್ತು 11ರ ಒಳಗಿನ ಎಷ್ಟೋ ಭಾಗ ಒಂದೇ. ಹಾಗಾಗಿ 11ಕ್ಕೆ ಹೊಸ ತೇಪೆ ಬಂದಾಗ ಕಳ್ಳರು ಅದನ್ನು ಬಿಡಿಸಿ ನೋಡುತ್ತಾರೆ. "ಓಹೋ, ಇಲ್ಲಿ ಕಂಡಿ ಇತ್ತು, ಹಾಗಾದರೆ 10ರಲ್ಲೂ ಇರಬಹುದು" ಅಂತ ಅವರಿಗೆ ಸುಳಿವು ಸಿಗುತ್ತದೆ. ಬೆಂಬಲ ನಿಂತ ಸಿಸ್ಟಮ್ ನಿಂತಲ್ಲೇ ನಿಂತಿದ್ದರೂ ಅದರ ಅಪಾಯ ದಿನದಿಂದ ದಿನಕ್ಕೆ ಬೆಳೆಯುವುದು ಹೀಗೆ.

"ಆಂಟಿವೈರಸ್ ಇದೆಯಲ್ಲ ಸಾರ್?" ಅನ್ನಬಹುದು. ವಿಂಡೋಸ್ 10ರ ಡಿಫೆಂಡರ್‌ಗೆ ವೈರಸ್‌ಗಳ ಗುರುತಿನ ಪಟ್ಟಿ 2028ರ ಅಕ್ಟೋಬರ್‌ವರೆಗೆ ಬರುತ್ತದೆ, ನಿಜ. ಆದರೆ ಆಂಟಿವೈರಸ್ ಅಂದರೆ ಬಾಗಿಲಲ್ಲಿ ಕೂತ ಕಾವಲುಗಾರ. ಅವನು ಗೊತ್ತಿರುವ ಕಳ್ಳರ ಮುಖ ಗುರುತಿಸುತ್ತಾನೆ. ಗೋಡೆಯ ಕಂಡಿ ಮುಚ್ಚುವ ಕೆಲಸ ಅವನದಲ್ಲ.

59 ದಿನಗಳ ಪಾಠ

2017ರ ಮಾರ್ಚ್ 14ರಂದು ಮೈಕ್ರೋಸಾಫ್ಟ್ ಒಂದು ಕಂಡಿಗೆ ತೇಪೆ ಬಿಟ್ಟಿತು. ಮೇ 12ರಂದು ಅದೇ ಕಂಡಿಯಿಂದ ವನ್ನಾಕ್ರೈ ಎಂಬ ಪಿಡುಗು ನುಗ್ಗಿತು. ನಡುವೆ 59 ದಿನ. ಆ ಅವಧಿಯಲ್ಲಿ ಅಪ್‌ಡೇಟ್ ಮಾಡಿಕೊಂಡವರ ಕಂಪ್ಯೂಟರ್‌ಗಳಲ್ಲಿ ಆ ಕಂಡಿ ಮುಚ್ಚಿತ್ತು. ಮಾಡದವರ ಫೈಲುಗಳನ್ನು ಅದು ಬೀಗ ಹಾಕಿ ಕೂಡಿಹಾಕಿತು, ಬಿಡಿಸಲು 300 ಡಾಲರ್ ಬೆಲೆಯ ಬಿಟ್‌ಕಾಯಿನ್ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳು ಕಂಗೆಟ್ಟವು. ದೂರದ ಮಾತೇಕೆ, ನಮ್ಮ ಆಂಧ್ರಪ್ರದೇಶದ ಪೊಲೀಸ್ ಇಲಾಖೆಯ ಕೆಲವು ಕಂಪ್ಯೂಟರ್‌ಗಳೂ ಸಿಕ್ಕಿಬಿದ್ದವು.

ಸಿಕ್ಕಿಬಿದ್ದವುಗಳಲ್ಲಿ ಹೆಚ್ಚಿನವು ವಿಂಡೋಸ್ 7ರವು. ಆಗ ಅದಕ್ಕೆ ಬೆಂಬಲ ಇನ್ನೂ ಇತ್ತು. ತೇಪೆ ಬಂದಿತ್ತು, ಹಾಕಿಕೊಂಡಿರಲಿಲ್ಲ ಅಷ್ಟೇ. ಅಂದರೆ ಹೊಸ ಸಿಸ್ಟಮ್ ಹಾಕಿಸಿ ಅಪ್‌ಡೇಟ್ ಬಂದ್ ಮಾಡಿಟ್ಟರೆ ಹಾಕಿಸಿದ್ದೂ ದಂಡ.

ನಿಮ್ಮ ಯಂತ್ರ ತಾಳುತ್ತದಾ?

ವಿಂಡೋಸ್ 11 ಕೇಳುವುದು ಇಷ್ಟು: 64 ಬಿಟ್ ಪ್ರೊಸೆಸರ್, ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಡಿಸ್ಕ್, ಸೆಕ್ಯೂರ್ ಬೂಟ್ ಸೌಲಭ್ಯ ಮತ್ತು ಟಿಪಿಎಂ 2.0. ಈ 4 ಜಿಬಿ ಅನ್ನುವುದು ಪಾಸ್ ಮಾರ್ಕು ಇದ್ದ ಹಾಗೆ. ಆರಾಮಾಗಿ ಕೆಲಸ ಆಗಬೇಕಾದರೆ 8 ಬೇಕು.

ಟಿಪಿಎಂ ಅಂದರೆ ರಹಸ್ಯ ಕೀಲಿಗಳನ್ನು ಬಚ್ಚಿಡುವ ಪುಟ್ಟ ಚಿಪ್. ಕೆಲವು ಕಂಪ್ಯೂಟರ್‌ಗಳಲ್ಲಿ ಅದು ಪ್ರೊಸೆಸರ್ ಒಳಗೇ ಇರುತ್ತದೆ, ಆದರೆ ಬಯೋಸ್‌ನಲ್ಲಿ ಆಫ್ ಆಗಿರುತ್ತದೆ. ಆನ್ ಮಾಡಿದರೆ ಸಾಕು.

ಹೆಚ್ಚಿನ ಹಳೇ ಯಂತ್ರಗಳು ಫೇಲ್ ಆಗುವುದು ಪ್ರೊಸೆಸರ್ ವಿಷಯದಲ್ಲಿ. ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರು ಅಥವಾ ಅದರ ನಂತರದ್ದು ಇರಬೇಕು. 8ನೇ ತಲೆಮಾರು ಬಂದದ್ದು 2017ರಲ್ಲಿ. ತಲೆಮಾರು ಗುರುತಿಸುವುದು ಸುಲಭ. ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್ ತೆರೆದು ಪ್ರೊಸೆಸರ್ ಹೆಸರು ಓದಿ. ಕೋರ್ ಐ5-4570 ಅಂತಿದ್ದರೆ ಅಡ್ಡಗೆರೆಯ ನಂತರದ 4 ಅಂದರೆ 4ನೇ ತಲೆಮಾರು. ಐ5-8500 ಅಂದರೆ 8ನೇದು. ಐ5-10400 ಅಂದರೆ 10ನೇದು. ಇಷ್ಟು ಓದಲು ಬಂದರೆ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಕೊಳ್ಳುವಾಗಲೂ ನಿಮಗೆ ಯಾರೂ ಟೋಪಿ ಹಾಕಲಾರರು. "ಐ5 ಇದೆ ತಗೊಳ್ಳಿ" ಅಂದರೆ ಸಾಲದು, "ಎಷ್ಟನೇ ಜನರೇಷನ್?" ಅಂತ ಕೇಳಿ. ಎಲ್ಲವನ್ನೂ ಒಟ್ಟಿಗೆ ಪರೀಕ್ಷಿಸಬೇಕೆಂದರೆ ಮೈಕ್ರೋಸಾಫ್ಟ್‌ನದೇ "ಪಿಸಿ ಹೆಲ್ತ್ ಚೆಕ್" ಎಂಬ ಉಚಿತ ಪ್ರೋಗ್ರಾಂ ಇದೆ.

ಕನ್ನಡ ಫೈಲುಗಳ ಗತಿ?

ಇದು ನಮ್ಮದೇ ಪ್ರಶ್ನೆ. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಪ್ರಶ್ನೆಪತ್ರಿಕೆಯನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುವುದನ್ನು ನೋಡಿರಬಹುದು. ಕಾರಣ ಇಷ್ಟೇ. ಕಂಪ್ಯೂಟರ್ ಅಕ್ಷರವನ್ನು ನೆನಪಿಡುವುದು ಸಂಖ್ಯೆಯಾಗಿ. ಹಳೇ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಖ್ಯೆಯನ್ನೇ ಬಳಸಿ ಅದರ ಮೇಲೆ ಕನ್ನಡ ಚಿತ್ರ ಬರೆದವು. ಫಾಂಟ್ ಎಂಬ ಮುಖವಾಡ ತೆಗೆದರೆ ಒಳಗಿನ ಇಂಗ್ಲಿಷ್ ಹೊರಬರುತ್ತದೆ. ತೆಲುಗಿನ ಡಿಟಿಪಿಯವರು ಬಳಸುವ ಅನು ಫಾಂಟಿನ ಕತೆಯೂ ಇದೇ.

ಯೂನಿಕೋಡ್‌ನಲ್ಲಿ ಹಾಗಲ್ಲ. ಅಲ್ಲಿ 'ಕ' ಅಕ್ಷರಕ್ಕೆ 3221 ಎಂಬ ಸ್ವಂತ ಸಂಖ್ಯೆ ಇದೆ. ಪ್ರಪಂಚದ ಯಾವ ಕಂಪ್ಯೂಟರಿನಲ್ಲೂ ಆ ಸಂಖ್ಯೆ 'ಕ'ನೇ. 1991ರ ಮೊದಲ ಆವೃತ್ತಿಯಿಂದಲೇ ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಜಾಗ ಇದೆ.

ಹಾಗಾಗಿ ಸಿಸ್ಟಮ್ ಬದಲಿಸುವ ಮೊದಲೇ ಮುಖ್ಯವಾದ ಹಳೇ ಫೈಲುಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ. ಇದಕ್ಕೆ ಪರಿವರ್ತಕ ಪ್ರೋಗ್ರಾಂಗಳಿವೆ. ಪರಿವರ್ತಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಸರಿಯಾಗಿ ಬಂದಿವೆಯಾ ಅಂತ ಒಮ್ಮೆ ಓದಿ ನೋಡಿ. ಹಳೇ ಫಾಂಟಿನ ಒಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಿ.

ಎದುರಿಗಿರುವ ದಾರಿಗಳು

ಒಂದು: ವಿಂಡೋಸ್ 11. ಯಂತ್ರ ಪಾಸಾಗಿ, ನಿಮ್ಮ ವಿಂಡೋಸ್ 10 ಅಸಲಿಯಾಗಿದ್ದರೆ ಈ ಅಪ್‌ಗ್ರೇಡ್ ಉಚಿತ. ಯಂತ್ರ ಫೇಲಾದರೂ "ಅಡ್ಡದಾರಿಯಲ್ಲಿ ಹಾಕಿಕೊಡ್ತೀವಿ" ಅನ್ನುವವರು ಸಿಗುತ್ತಾರೆ. ಹಾಗೆ ಹಾಕಿದ ಯಂತ್ರಕ್ಕೆ ಅಪ್‌ಡೇಟ್ ಬರುತ್ತದೆಂಬ ಭರವಸೆ ಕಂಪನಿ ಕೊಡುವುದಿಲ್ಲ. ನಾವು ಹೊರಟದ್ದೇ ಅಪ್‌ಡೇಟ್‌ಗಾಗಿ, ನೆನಪಿರಲಿ. ಕ್ರ್ಯಾಕ್ ಮಾಡಿದ ನಕಲಿ ವಿಂಡೋಸ್ ಇನ್ನೂ ಅಪಾಯ. ಎಷ್ಟೋ ಸಲ ಆ ಕ್ರ್ಯಾಕ್ ಒಳಗೇ ವೈರಸ್ ಇರುತ್ತದೆ.

ಎರಡು: ವಿಂಡೋಸ್ 10ರಲ್ಲೇ ಇದ್ದು ಹೆಚ್ಚುವರಿ ಭದ್ರತಾ ಅಪ್‌ಡೇಟ್ ಪಡೆಯುವುದು. ಮನೆ ಬಳಕೆದಾರರಿಗೆ ಇದು 2026ರ ಅಕ್ಟೋಬರ್ 13ರವರೆಗೆ ಸಿಗುತ್ತದೆ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗ್‌ಗಳ ಬ್ಯಾಕಪ್ ಆನ್ ಮಾಡಿದರೆ ಹಣ ಕೊಡಬೇಕಿಲ್ಲ. ಇದು ಪರಿಹಾರ ಅಲ್ಲ, ಯೋಚಿಸಲು ಸಿಕ್ಕ ಕಾಲಾವಕಾಶ.

ಮೂರು: ಲಿನಕ್ಸ್. ಉಬುಂಟು, ಲಿನಕ್ಸ್ ಮಿಂಟ್ ಉಚಿತ. ಮಿಂಟ್‌ನ ಎಕ್ಸ್‌ಎಫ್‌ಸಿಇ ಎಂಬ ಹಗುರ ಆವೃತ್ತಿ 4 ಜಿಬಿ ರ‍್ಯಾಮ್ ಇರುವ ಹಳೇ ಯಂತ್ರದಲ್ಲೂ ನಡೆಯುತ್ತದೆ. ಉಬುಂಟು 24.04ಕ್ಕೆ 2029ರವರೆಗೆ ಬೆಂಬಲ ಇದೆ. ಯೂನಿಕೋಡ್ ಕನ್ನಡ ಟೈಪಿಂಗ್ ಇದರಲ್ಲೂ ಬರುತ್ತದೆ. ಇದು ಓದುವ ಮಕ್ಕಳಿಗೆ ಆಗುತ್ತದಾ ಅನ್ನುವವರು ಕಾಸರಗೋಡಿನ ಕಡೆ ನೋಡಲಿ. ಅಲ್ಲಿಯ ಕನ್ನಡ ಮಾಧ್ಯಮದ ಮಕ್ಕಳೂ ನಮ್ಮ ಹಾಗೆ ಗಡಿಯಾಚೆಯ ಕನ್ನಡಿಗರು. ಕೇರಳ ಸರ್ಕಾರದ ಕೈಟ್ ಸಂಸ್ಥೆ ತನ್ನ ಶಾಲೆಗಳಿಗೆ ಉಬುಂಟು ಆಧಾರಿತ ಲಿನಕ್ಸ್ ಕೊಡುತ್ತದೆ, ಕಂಪ್ಯೂಟರ್ ಪಠ್ಯವನ್ನು ಕನ್ನಡದಲ್ಲೂ ಕೊಡುತ್ತದೆ. ತೊಡಕು ಎಲ್ಲಿ ಅಂದರೆ, ವಿಂಡೋಸ್‌ಗೆಂದೇ ಮಾಡಿದ ಟ್ಯಾಲಿ, ಪೇಜ್‌ಮೇಕರ್‌ನಂಥ ಪ್ರೋಗ್ರಾಂಗಳು ಇದರಲ್ಲಿ ನೇರವಾಗಿ ನಡೆಯುವುದಿಲ್ಲ. ಕೆಲವು ಪ್ರಿಂಟರ್‌ಗಳೂ ಸತಾಯಿಸುತ್ತವೆ. ಆದರೆ ಪೆನ್‌ಡ್ರೈವಿನಿಂದಲೇ ಲಿನಕ್ಸ್ ಓಡಿಸಿ ನೋಡಬಹುದು, ಹಾರ್ಡ್‌ಡಿಸ್ಕ್ ಮುಟ್ಟಬೇಕಿಲ್ಲ. ಸೀರೆ ಕೊಳ್ಳುವ ಮೊದಲು ಮಡಿಕೆ ಬಿಚ್ಚಿ ನೋಡಿದ ಹಾಗೆ.

ನಾಲ್ಕು: ಹಾಗೇ ಬಿಡುವುದು, ಆದರೆ ಇಂಟರ್‌ನೆಟ್ ತೆಗೆದು.

ಮೂರು ಮನೆ, ಮೂರು ಉತ್ತರ

ಉದಾಹರಣೆಗೆ ಮೂರು ಮನೆ ಊಹಿಸಿಕೊಳ್ಳೋಣ. ರಾಯದುರ್ಗದ ಒಂದು ಮನೆ. 8ನೇ ತಲೆಮಾರಿನ ಪ್ರೊಸೆಸರ್, 8 ಜಿಬಿ ರ‍್ಯಾಮ್, ಟ್ಯಾಲಿಯಲ್ಲಿ ಲೆಕ್ಕ, ಬ್ಯಾಂಕ್ ವ್ಯವಹಾರ. ಇವರು ವಿಂಡೋಸ್ 11ಕ್ಕೆ ಹೋಗಬೇಕು. ತಡ ಮಾಡಲು ಕಾರಣವೇ ಇಲ್ಲ.

ಮಡಕಶಿರಾದ ಇನ್ನೊಂದು ಮನೆ. 4ನೇ ತಲೆಮಾರು, 4 ಜಿಬಿ ರ‍್ಯಾಮ್. ಮಕ್ಕಳ ಓದು, ವಿಡಿಯೋ ಪಾಠ, ಆನ್‌ಲೈನ್ ಅರ್ಜಿ. ಹೊಸ ಕಂಪ್ಯೂಟರಿಗೆ ದುಡ್ಡಿಲ್ಲ. ಇವರು ಪೆನ್‌ಡ್ರೈವಿನಲ್ಲಿ ಲಿನಕ್ಸ್ ನೋಡಿ, ಹೊಂದಿದರೆ ಹಾಕಿಕೊಳ್ಳಲಿ. ಹಾರ್ಡ್‌ಡಿಸ್ಕ್ ಬದಲು ಒಂದು ಎಸ್‌ಎಸ್‌ಡಿ ಹಾಕಿದರೆ ಅದೇ ಯಂತ್ರ ಎಷ್ಟೋ ಚುರುಕಾಗುತ್ತದೆ.

ಮೂರನೆಯದು ಲಗ್ನಪತ್ರಿಕೆ ಮಾಡುವ ಸಣ್ಣ ಡಿಟಿಪಿ ಅಂಗಡಿ. ಹಳೇ ಪೇಜ್‌ಮೇಕರ್, ಹಳೇ ಫಾಂಟು, ಹಳೇ ಪ್ರಿಂಟರ್. ಬದಲಿಸಿದರೆ ದುಡಿಮೆಯೇ ನಿಲ್ಲಬಹುದು. ಇವರು ಬದಲಿಸದೇ ಇರುವುದೂ ಸರಿಯಾದ ತೀರ್ಮಾನವೇ. ಷರತ್ತು ಏನೆಂದರೆ ಆ ಯಂತ್ರಕ್ಕೆ ನೆಟ್ ಕೊಡಬಾರದು, ಬರುವ ಪ್ರತಿ ಪೆನ್‌ಡ್ರೈವನ್ನೂ ಬೇರೆ ಸುರಕ್ಷಿತ ಕಂಪ್ಯೂಟರಿನಲ್ಲಿ ಸ್ಕ್ಯಾನ್ ಮಾಡಿಯೇ ಹಾಕಬೇಕು.

ಒತ್ತುವ ಮುನ್ನ

ಯಾವ ದಾರಿ ಹಿಡಿದರೂ ಮೊದಲ ಕೆಲಸ ಬ್ಯಾಕಪ್. ಅಂಗಡಿಯವರು "ಫಾರ್ಮ್ಯಾಟ್ ಮಾಡಿ ಹಾಕ್ತೀವಿ" ಅಂದರೆ ಎಚ್ಚರ. ಅಪ್‌ಗ್ರೇಡ್‌ನಲ್ಲಿ ಸಾಮಾನ್ಯವಾಗಿ ಫೈಲು, ಫಾಂಟು ಉಳಿಯುತ್ತವೆ. ಫಾರ್ಮ್ಯಾಟ್‌ನಲ್ಲಿ ಅಳಿಯುತ್ತವೆ. "ಸಿ ಡ್ರೈವ್ ಮಾತ್ರ" ಅಂದರೂ ನಂಬಿ ಕೂರಬೇಡಿ. ಡೆಸ್ಕ್‌ಟಾಪ್ ಮೇಲೆ ಮತ್ತು ಡಾಕ್ಯುಮೆಂಟ್ಸ್‌ನಲ್ಲಿ ಇಟ್ಟದ್ದು ಸಾಮಾನ್ಯವಾಗಿ ಇರುವುದು ಆ ಸಿ ಡ್ರೈವಿನಲ್ಲೇ. ಅಕ್ಕನ ಮದುವೆ ಫೋಟೋ ಒಮ್ಮೆ ಹೋದರೆ ಮದುವೆ ಮತ್ತೆ ಮಾಡಲಾಗದು.

ವಿಂಡೋಸ್ 11ರ ಡೌನ್‌ಲೋಡ್ ಹಲವು ಜಿಬಿ. ದಿನಕ್ಕೆ ಒಂದೂವರೆ ಜಿಬಿಯ ಮೊಬೈಲ್ ಪ್ಯಾಕಿನಲ್ಲಿ ಆಗುವ ಮಾತಲ್ಲ. ನಡುವೆ ಕರೆಂಟ್ ಹೋದರೆ ಸಿಸ್ಟಮ್ ಕೆಡಬಹುದು. ಯುಪಿಎಸ್ ಇಲ್ಲದಿದ್ದರೆ ಕರೆಂಟ್ ನಿಲ್ಲುವ ಹೊತ್ತು ಬಿಟ್ಟು ಮಾಡಿ. ಹಾಕಿದ ಮೇಲೆ ಇಷ್ಟವಾಗದಿದ್ದರೆ 10 ದಿನದೊಳಗೆ ವಾಪಸ್ ವಿಂಡೋಸ್ 10ಕ್ಕೆ ಬರಬಹುದು. ಆ 10 ದಿನದಲ್ಲೇ ಪ್ರಿಂಟರ್, ಕನ್ನಡ ಟೈಪಿಂಗ್, ಲೆಕ್ಕದ ಪ್ರೋಗ್ರಾಂ ಎಲ್ಲವನ್ನೂ ಓಡಿಸಿ ನೋಡಿ.

ಮಾಡಿ ನೋಡಿ

ನೋಟ್‌ಬುಕ್ಕಿನಲ್ಲಿ ಐದು ಸಾಲು ಬರೆಯಿರಿ.

1. ನಮ್ಮ ಪ್ರೊಸೆಸರ್ ಎಷ್ಟನೇ ತಲೆಮಾರಿನದು?
2. ರ‍್ಯಾಮ್ ಎಷ್ಟು ಜಿಬಿ? ಡಿಸ್ಕ್‌ನಲ್ಲಿ ಖಾಲಿ ಎಷ್ಟು?
3. ಮನೆಯಲ್ಲಿ ಯಾರು ಯಾವ ಪ್ರೋಗ್ರಾಂ ಬಳಸುತ್ತಾರೆ?
4. ಹಳೇ ಫಾಂಟಿನ ಫೈಲು ಎಷ್ಟಿವೆ?
5. ಕೊನೆಯ ಬ್ಯಾಕಪ್ ಯಾವ ತಾರೀಕಿನದು?

ಮನೆಯಲ್ಲಿ ಕಂಪ್ಯೂಟರ್ ಇಲ್ಲದವರು ಶಾಲೆಯ ಕಂಪ್ಯೂಟರ್ ನೋಡಿ ಬರೆಯಬಹುದು. ಆ ಹಾಳೆಯನ್ನು ಮುಂದಿಟ್ಟುಕೊಂಡು ಮನೆಯವರೆಲ್ಲ ಕೂತು ಮಾತಾಡಿ. ಐದನೇ ಸಾಲಿಗೆ ಉತ್ತರ ಖಾಲಿ ಇದ್ದರೆ ಅಪ್‌ಗ್ರೇಡ್ ಮಾತು ಆಮೇಲೆ, ಇವತ್ತು ಸಂಜೆ ಪೆನ್‌ಡ್ರೈವ್ ಹಾಕಿ.