ರಕ್ಕಸತಂಗಡಿ ಯುದ್ಧ ಒಂದೇ ದಿನದಲ್ಲಿ ಹುಟ್ಟಿದ್ದಲ್ಲ

ಹುನಗುಂದದಿಂದ ಮುದ್ದೇಬಿಹಾಳದ ಕಡೆ ಹೊರಟರೆ ಕೃಷ್ಣೆಯನ್ನು ದಾಟಬೇಕು. ಆಚೆ ದಡದಲ್ಲಿ ತಂಗಡಗಿ ಇದೆ. ಆ ಊರನ್ನೂ ರಕ್ಕಸಗಿಯನ್ನೂ ಸೇರಿಸಿ ವಿಜಯನಗರಕ್ಕೂ ದಖ್ಖನಿನ ಸುಲ್ತಾನರಿಗೂ 1565ರ ಜನವರಿಯಲ್ಲಿ ನಡೆದ ಕಾಳಗಕ್ಕೆ ರಕ್ಕಸತಂಗಡಿ ಯುದ್ಧ ಎಂಬ ಹೆಸರು ಬಂದಿದೆ. ಪಠ್ಯಪುಸ್ತಕಗಳಲ್ಲಿ ಅದು ತಾಳಿಕೋಟೆ ಕದನ. ಆದರೆ ತಾಳಿಕೋಟೆ ನದಿಯಿಂದ ಉತ್ತರಕ್ಕೆ ಸಾಕಷ್ಟು ದೂರದಲ್ಲಿದೆ. ಸುಲ್ತಾನರ ದಂಡು ಬಂದು ಕೂಡಿದ್ದು ಅಲ್ಲಿ, ಕಾದಾಡಿದ್ದು ಹೊಳೆಯ ಹತ್ತಿರ. ಸರಿಯಾಗಿ ಯಾವ ಬಯಲಿನಲ್ಲಿ ಎಂಬುದರ ಬಗ್ಗೆ ವಿದ್ವಾಂಸರಲ್ಲಿ ಇನ್ನೂ ಒಮ್ಮತವಿಲ್ಲ. ಸ್ಥಳದ ತಪ್ಪು ಸಣ್ಣದು, ತಿದ್ದಿಕೊಳ್ಳುವುದೂ ಸುಲಭ. ಯುದ್ಧ ಏಕೆ ಆಯಿತು ಎಂಬ ಬಗ್ಗೆ ನಮ್ಮಲ್ಲಿ ಬೇರೂರಿರುವ ತಪ್ಪು ಕಲ್ಪನೆ ಮಾತ್ರ ದೊಡ್ಡದು. ಎರಡು ಧರ್ಮಗಳ ನಡುವೆ ಎಂದಾದರೂ ಆಗಲೇಬೇಕಿದ್ದ ಜಗಳ ಅಂದು ಆಯಿತು ಎಂದು ಕೆಲವರು ನಂಬುತ್ತಾರೆ. ಮುದುಕನೊಬ್ಬನ ಸೊಕ್ಕು ಸಾಮ್ರಾಜ್ಯವನ್ನೇ ನುಂಗಿತು ಎಂದು ಇನ್ನು ಕೆಲವರು. ಎರಡರಲ್ಲೂ ಯುದ್ಧ ಒಂದು ದ್ವೇಷದಿಂದಲೋ ಒಂದು ಕಿಡಿಯಿಂದಲೋ ಹುಟ್ಟುತ್ತದೆ ಎಂಬ ನಂಬಿಕೆ ಅಡಗಿದೆ. ದಾಖಲೆಗಳು ಹೇಳುವ ಕಥೆ ಬೇರೆ: ಇಪ್ಪತ್ತು ವರ್ಷಗಳಲ್ಲಿ ಪ್ರತಿಯೊಬ್ಬನೂ ತನ್ನ ರಕ್ಷಣೆಗೆಂದೇ ಇಟ್ಟ ಹೆಜ್ಜೆ ಮತ್ತೊಬ್ಬನಿಗೆ ಬೆದರಿಕೆಯಾಗಿ ಕಂಡು, ಹಿಂದೆ ಸರಿಯುವ ದಾರಿಗಳು ಒಂದೊಂದಾಗಿ ಮುಚ್ಚಿಹೋದವು.

ಧರ್ಮದ ಮಾತನ್ನೇ ಮೊದಲು ನೋಡೋಣ. ವಿಜಯನಗರದ ಸೈನ್ಯದಲ್ಲಿ ಎರಡನೇ ದೇವರಾಯನ ಕಾಲದಿಂದಲೇ ಮುಸ್ಲಿಂ ಸವಾರರೂ ಬಿಲ್ಲುಗಾರರೂ ಇದ್ದರು. ಅವರು ಅಳುಕಿಲ್ಲದೆ ನಮಸ್ಕರಿಸಲೆಂದು, ಯುದ್ಧದ ಕಾಲಕ್ಕೆ ವಿಜಯನಗರವನ್ನು ಆಳುತ್ತಿದ್ದ ಅಳಿಯ ರಾಮರಾಯ ತನ್ನ ಆಸನದ ಮುಂದೆ ಕುರಾನ್ ಇರಿಸುತ್ತಿದ್ದನೆಂದು ಹೇಳುತ್ತಾರೆ. ಸುಲ್ತಾನರ ಸೈನ್ಯಗಳಲ್ಲಿ ಮರಾಠರು ದೊಡ್ಡ ಸಂಖ್ಯೆಯಲ್ಲಿದ್ದರು. ರಾಮರಾಯ ತರುಣನಾಗಿದ್ದಾಗ ಗೋಲ್ಕೊಂಡದ ಕುಲಿ ಕುತುಬ್ ಶಾಹನ ಚಾಕರಿ ಮಾಡಿದ್ದವನು. ಮುಂದೆ ಅದೇ ಮನೆತನದ ಇಬ್ರಾಹಿಂ ಕುತುಬ್ ಶಾಹ ಅಣ್ಣನಿಗೆ ಹೆದರಿ ಓಡಿಬಂದಾಗ ಏಳು ವರ್ಷ ವಿಜಯನಗರದಲ್ಲೇ ಆಶ್ರಯ ಪಡೆದಿದ್ದ. ಬಿಜಾಪುರದ ಅಲಿ ಆದಿಲ್ ಶಾಹ, ರಾಮರಾಯನ ಮಗ ತೀರಿಕೊಂಡಾಗ ತಾನೇ ವಿಜಯನಗರಕ್ಕೆ ಹೋಗಿ ಸಂತಾಪ ಹೇಳಿ, ಆ ಮನೆಯಲ್ಲಿ ಮಗನೆನಿಸಿಕೊಂಡು ಬಂದಿದ್ದ. 1565ರಲ್ಲಿ ರಾಮರಾಯನ ಎದುರು ನಿಂತ ನಾಲ್ವರು ಸುಲ್ತಾನರಲ್ಲಿ ಇಬ್ಬರು ಅವನ ಮನೆಯಲ್ಲಿ ಉಂಡವರು. ಬೀರಾರದ ಸುಲ್ತಾನನಂತೂ ಒಕ್ಕೂಟಕ್ಕೆ ಸೇರಲೇ ಇಲ್ಲ. ತನ್ನ ಸೇನಾಪತಿ ಜಹಾಂಗೀರ್ ಖಾನನನ್ನು ಅಹಮದನಗರದ ಹುಸೇನ್ ನಿಜಾಮ್ ಶಾಹ ಕೊಲ್ಲಿಸಿದ್ದನ್ನು ಅವನು ಮರೆತಿರಲಿಲ್ಲ. ಧರ್ಮವೇ ಇವರನ್ನೆಲ್ಲ ಒಂದುಗೂಡಿಸಿದ್ದರೆ ಬೀರಾರ ಮನೆಯಲ್ಲಿ ಕೂರುತ್ತಿರಲಿಲ್ಲ.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. ಫೆರಿಷ್ತಾನಂಥ ಇತಿಹಾಸಕಾರರು ಈ ಯುದ್ಧವನ್ನು ಧರ್ಮಯುದ್ಧದ ಮಾತಿನಲ್ಲೇ ವರ್ಣಿಸುತ್ತಾರೆ. ಅಹಮದನಗರದ ಮೇಲೆ ನಡೆದ ದಾಳಿಯಲ್ಲಿ ವಿಜಯನಗರದ ಸೈನಿಕರು ಮಸೀದಿಗಳನ್ನು ಕೆಡಿಸಿದರೆಂದೂ ಬರೆಯುತ್ತಾರೆ. ಆ ನೋವು ಸುಳ್ಳಾಗಿರಬೇಕಿಲ್ಲ. ಆದರೆ ಫೆರಿಷ್ತಾ ಬರೆದದ್ದು ಬಿಜಾಪುರದ ಆಸ್ಥಾನದಲ್ಲಿ ಕುಳಿತು, ಯುದ್ಧ ಮುಗಿದು ದಶಕಗಳಾದ ಮೇಲೆ. ಗೆದ್ದ ಪಕ್ಷಕ್ಕೆ ತನ್ನ ಗೆಲುವನ್ನು ಪವಿತ್ರವೆಂದು ಹೇಳಿಕೊಳ್ಳುವ ಅಗತ್ಯ ಯಾವಾಗಲೂ ಇರುತ್ತದೆ. ಅದಲ್ಲದೆ ಅಹಮದನಗರದ ಮೇಲಿನ ಆ ದಾಳಿಗಳಲ್ಲಿ ರಾಮರಾಯನ ಪಕ್ಕದಲ್ಲೇ ಬಿಜಾಪುರದ ಸೈನ್ಯವೂ ಇತ್ತು. ಯುದ್ಧ ಮುಗಿದ ಮೇಲಿನ ವರ್ಷಗಳನ್ನು ನೋಡಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ಅಲಿ ಆದಿಲ್ ಶಾಹ ದಕ್ಷಿಣಕ್ಕೆ ಮತ್ತೆ ದಂಡೆತ್ತಿ ಹೊರಟಾಗ ವಿಜಯನಗರದ ಉಳಿದ ಮನೆತನ ಮೊರೆಹೋದದ್ದು ಅಹಮದನಗರಕ್ಕೆ. ಅಹಮದನಗರ ಬಿಜಾಪುರದ ಮೇಲೆ ಸೈನ್ಯ ಕಳಿಸಿ ಅವನನ್ನು ಹಿಂದಕ್ಕೆ ತಿರುಗಿಸಿತು. ಧರ್ಮದ ಮಾತು ಸೈನಿಕರನ್ನು ಹುರಿದುಂಬಿಸಿರಬಹುದು. ರಾಜರನ್ನು ಒಂದು ಕಡೆ ತಂದದ್ದು ಬೇರೊಂದು ಲೆಕ್ಕ.

ಸೊಕ್ಕಿನ ಕಥೆಯಲ್ಲಿ ಸತ್ಯ ಇಲ್ಲವೆಂದಲ್ಲ. 1561ರ ಒಪ್ಪಂದಕ್ಕಾಗಿ ಹುಸೇನ್ ನಿಜಾಮ್ ಶಾಹ ತಾನೇ ರಾಮರಾಯನ ಬಿಡಾರಕ್ಕೆ ಬಂದು ಅವನ ಕೈಯಿಂದ ವೀಳ್ಯ ಪಡೆಯಬೇಕಾಯಿತು. ಹಳೆಯ ವೃತ್ತಾಂತಗಳ ಪ್ರಕಾರ ರಾಮರಾಯ ಕೈ ಹಿಡಿದು ಬರಮಾಡಿಕೊಂಡಾಗ ಹುಸೇನ್ ಅಲ್ಲೇ ನೀರು ತರಿಸಿ ಕೈ ತೊಳೆದುಕೊಂಡ. ಅದನ್ನು ಕಂಡು ಕೆರಳಿದ ರಾಮರಾಯನೂ ನೀರು ತರಿಸಿ ತನ್ನ ಕೈ ತೊಳೆದ. ಇಬ್ಬರ ಸರದಾರರೂ ಸುತ್ತ ನಿಂತು ನೋಡುತ್ತಿದ್ದರು. ಆ ಒಂದು ಚೊಂಬು ನೀರೇ ಯುದ್ಧಕ್ಕೆ ಕಾರಣವೆಂದು ಹೇಳಿಬಿಡುವುದು ಸುಲಭ, ಆದರೆ ಸರಿಯಲ್ಲ. ಅವಮಾನ ಆದದ್ದು 1561ರಲ್ಲಿ, ಯುದ್ಧ 1565ರಲ್ಲಿ. ನಡುವಿನ ವರ್ಷಗಳಲ್ಲಿ ಹುಸೇನನ ಸಿಟ್ಟು ಅಷ್ಟೇ ಇತ್ತು, ಇಲ್ಲದಿದ್ದದ್ದು ಜೊತೆಗಾರರು. ಅವಮಾನ ಮಾಡಿದ ನಿಜವಾದ ಹಾನಿ ಬೇರೆ. ಎಲ್ಲರ ಕಣ್ಣೆದುರು ತಲೆ ತಗ್ಗಿಸಿದವನು ಇನ್ನೊಮ್ಮೆ ರಾಜಿಗೆ ಬಂದರೆ ತನ್ನವರ ಮುಂದೆಯೇ ಉಳಿಯಲಾರ. ಮುಂದಿನ ಸಲ ಸಂಧಾನಕ್ಕೆ ಬರಬಹುದಾಗಿದ್ದ ಮನುಷ್ಯನನ್ನು ರಾಮರಾಯ ತಾನೇ ಕಳೆದುಕೊಂಡ.

ಇಲ್ಲಿಂದ ಮುಂದೆ ಎದುರಾಗುವುದು ಇಂದಿಗೂ ಎಲ್ಲ ದೇಶಗಳಲ್ಲೂ ಚಾಲ್ತಿಯಲ್ಲಿರುವ ಕಲ್ಪನೆ: ಬಲಶಾಲಿಯಾಗಿದ್ದರೆ ಯಾರೂ ತಂಟೆಗೆ ಬರುವುದಿಲ್ಲ. ರಾಮರಾಯನ ರಾಜನೀತಿ ನಿಂತದ್ದೇ ಇದರ ಮೇಲೆ. ಸಿಂಹಾಸನ ಸದಾಶಿವರಾಯನದು, ಅಧಿಕಾರ ಇವನದು. ಹಾಗಾಗಿ ಒಳಗಿನ ಬಾಯಿ ಮುಚ್ಚಿಸಲು ಹೊರಗಿನ ಗೆಲುವುಗಳು ಬೇಕಿದ್ದವು. 1543ರ ಹೊತ್ತಿಗೆ ಅಹಮದನಗರ, ಗೋಲ್ಕೊಂಡಗಳ ಜೊತೆ ಸೇರಿ ಬಿಜಾಪುರದ ಮೇಲೆ ಬಿದ್ದ. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಬಿಜಾಪುರದ ಜೊತೆ ಸೇರಿ ಅಹಮದನಗರದ ಮೇಲೆ ಹೋದ. ಪ್ರತಿ ಸಲವೂ ದುರ್ಬಲನ ಪಕ್ಷ ಹಿಡಿದು ಪ್ರಬಲನನ್ನು ಬಗ್ಗಿಸುವುದು, ಕೊನೆಗೆ ಇಬ್ಬರಿಂದಲೂ ಏನಾದರೂ ಕಿತ್ತುಕೊಳ್ಳುವುದು. ತನ್ನ ದೃಷ್ಟಿಯಲ್ಲಿ ಇದು ರಕ್ಷಣೆ: ಉತ್ತರದ ಸುಲ್ತಾನರು ಒಗ್ಗೂಡದಿದ್ದರೆ ತುಂಗಭದ್ರೆಯ ದಡ ಕ್ಷೇಮ. ಆದರೆ ಕೊನೆಯ ದಂಡಯಾತ್ರೆಗಳ ಹೊತ್ತಿಗೆ ಶತ್ರುವಷ್ಟೇ ಅಲ್ಲ, ಮಿತ್ರನೂ ನೆಲ ಕಳೆದುಕೊಳ್ಳತೊಡಗಿದ. ಬಿಜಾಪುರ ಬಿಟ್ಟುಕೊಡಬೇಕಾದ ಭಾಗಗಳಲ್ಲಿ ಯಾದಗಿರಿಯ ಜೊತೆ ನಮ್ಮ ಬಾಗಲಕೋಟೆಯ ಹೆಸರೂ ಬರುತ್ತದೆ. ರಾಯಚೂರು, ಮುದಗಲ್ಲುಗಳಂತೂ ಕೃಷ್ಣೆ–ತುಂಗಭದ್ರೆಗಳ ನಡುವಿನ ದೋಆಬಿನ ಬೀಗದ ಕೈಗಳು. 1520ರಲ್ಲಿ ಕೃಷ್ಣದೇವರಾಯ ರಾಯಚೂರನ್ನು ಗೆದ್ದಾಗಿನಿಂದ ಬಿಜಾಪುರಕ್ಕೆ ಆ ಗಾಯ ಮಾಯ್ದಿರಲಿಲ್ಲ. ಬಲ ಹೆಚ್ಚಿದಂತೆಲ್ಲ ವಿಜಯನಗರಕ್ಕೆ ಭದ್ರತೆ ಹೆಚ್ಚಲಿಲ್ಲ. ರಾಮರಾಯ ಇರುವವರೆಗೆ ತಮ್ಮಲ್ಲಿ ಯಾರೊಬ್ಬರೂ ನಿಶ್ಚಿಂತೆಯಾಗಿ ನಿದ್ದೆ ಮಾಡಲಾಗದು ಎಂಬುದು ಈ ಸುಲ್ತಾನರಿಗೆ ಒಟ್ಟಿಗೆ ಅರಿವಾಯಿತು. ದುರ್ಬಲನಾಗಿದ್ದರೆ ಉಳಿಯುತ್ತಿದ್ದನೇ ಎಂದು ಕೇಳಬಹುದು. ಉಳಿಯುತ್ತಿರಲಿಲ್ಲ, ನಿಜ. ಬಲ ಬೇಕಿತ್ತು. ಆದರೆ ಮತ್ತೆ ಮತ್ತೆ ಪಕ್ಷ ಬದಲಿಸಿದವನು ಕೊಡುವ ಮಾತಿಗೆ ಬೆಲೆ ಇರುವುದಿಲ್ಲ. ನೀನು ಸುಮ್ಮನಿದ್ದರೆ ನಾನೂ ಸುಮ್ಮನಿರುತ್ತೇನೆ ಎಂಬುದನ್ನು ಎದುರಿನವನು ನಂಬುವಂತಿರದಿದ್ದರೆ ಬಲ ಯಾರನ್ನೂ ತಡೆಯುವುದಿಲ್ಲ.

ನೆಂಟಸ್ತಿಕೆ, ಒಪ್ಪಂದಗಳು ಶಾಂತಿಯ ಗುರುತು ಎಂಬ ನಂಬಿಕೆಯನ್ನೂ ಇಲ್ಲಿ ಪರೀಕ್ಷಿಸಬಹುದು. 1564ರಲ್ಲಿ ಗೋಲ್ಕೊಂಡದವರ ಮಧ್ಯಸ್ಥಿಕೆಯಿಂದ ಎರಡು ಮದುವೆಗಳಾದವು. ಹುಸೇನನ ಮಗಳು ಚಾಂದ್ ಬೀಬಿ ಅಲಿ ಆದಿಲ್ ಶಾಹನ ಮನೆ ತುಂಬಿದಳು. ಅಲಿಯ ತಂಗಿಯನ್ನು ಹುಸೇನನ ಮಗ ಮುರ್ತಜಾನಿಗೆ ಕೊಟ್ಟರು. ಚಾಂದ್ ಬೀಬಿಯ ಜೊತೆ ಬಳುವಳಿಯಾಗಿ ಬಂದದ್ದು ಸೊಲ್ಲಾಪುರದ ಕೋಟೆ. ಎರಡು ತಲೆಮಾರು ಈ ಎರಡು ರಾಜ್ಯಗಳು ರಕ್ತ ಹರಿಸಿದ್ದು ಇದೇ ಕೋಟೆಗಾಗಿ. ಮೇಲ್ನೋಟಕ್ಕೆ ಇದು ದಖ್ಖನಿನ ಆ ಕಾಲದ ಅತಿ ದೊಡ್ಡ ಶಾಂತಿ ಒಪ್ಪಂದ. ಆದರೆ ತಮ್ಮ ನಡುವಿನ ಗಡಿಯ ಚಿಂತೆ ತೀರಿದ್ದರಿಂದಲೇ ಎರಡೂ ಸೈನ್ಯಗಳಿಗೆ ದಕ್ಷಿಣಕ್ಕೆ ತಿರುಗಲು ಬಿಡುವಾಯಿತು. ಆಮೇಲೆ ಅಲಿ ಆದಿಲ್ ಶಾಹ ತನ್ನ ನೆಲ ಹಿಂದಿರುಗಿಸಬೇಕೆಂದು ರಾಯಭಾರಿಯನ್ನು ಕಳಿಸಿದ. ಫೆರಿಷ್ತಾ ಮುಚ್ಚುಮರೆ ಇಲ್ಲದೆ ಬರೆಯುತ್ತಾನೆ: ಇದು ಸ್ನೇಹ ಮುರಿಯಲು ಬೇಕಿದ್ದ ನೆಪ, ರಾಮರಾಯ ರಾಯಭಾರಿಯನ್ನು ಅವಮಾನಿಸಿ ಅಟ್ಟುತ್ತಾನೆಂದು ಮೊದಲೇ ಎಣಿಸಲಾಗಿತ್ತು, ಅವನು ಹಾಗೆಯೇ ಮಾಡಿದ. ಎದುರಾಳಿ ಬರೆದಿಟ್ಟ ಪಾತ್ರವನ್ನು ಆ ಅನುಭವಿ ರಾಜನೀತಿಜ್ಞ ಒಂದಕ್ಷರ ಬಿಡದೆ ಆಡಿದ್ದು ನನಗೆ ಈ ಇಡೀ ಪ್ರಕರಣದಲ್ಲೇ ಅತ್ಯಂತ ದುಃಖದ ಸಂಗತಿ.

ದಂಡುಗಳು ನದಿಯ ಎರಡೂ ಬದಿ ಬಂದು ನಿಂತ ಮೇಲೆ ಮಾತಿಗೆ ಎಡೆಯೇ ಉಳಿಯಲಿಲ್ಲ. ಹೊಳೆ ದಾಟುವ ಹಾಯ್ಗಡವನ್ನು ವಿಜಯನಗರದವರು ಬಲವಾಗಿ ಕಾಯ್ದಿದ್ದರು. ಸುಲ್ತಾನರು ಬೇರೆ ಕಡೆ ದಾಟುವವರಂತೆ ದಡದುದ್ದಕ್ಕೂ ಮೂರು ದಿನ ನಡೆದರು, ಆಚೆ ದಡದಲ್ಲಿ ವಿಜಯನಗರದವರೂ ಸರಿಸಮನಾಗಿ ನಡೆದರು. ಸುಲ್ತಾನರು ಥಟ್ಟನೆ ಹಿಂದಕ್ಕೆ ತಿರುಗಿ, ಕಾವಲಿಲ್ಲದ ಅದೇ ಹಾಯ್ಗಡದಲ್ಲಿ ದಾಟಿಬಿಟ್ಟರು. ಈಗ ನಾರಾಯಣಪುರದ ಹಿನ್ನೀರು ನದಿಯ ಪಾತ್ರವನ್ನೇ ಬದಲಿಸಿರುವುದರಿಂದ ಅಂದಿನ ದಡವನ್ನು ಊಹಿಸಿಕೊಳ್ಳುವುದು ಕಷ್ಟ. ಎದುರಾಳಿ ಮೊದಲು ದಾಟಿಬಿಟ್ಟರೆ ಎಂಬ ಭಯ ಸೇನೆಗಳನ್ನು ಹೇಗೆ ಎಳೆದೊಯ್ಯುತ್ತದೆ ಎಂಬುದಕ್ಕೆ 1914ರ ಯುರೋಪೂ ಸಾಕ್ಷಿ. ಸರಾಯೆವೊದಲ್ಲಿ ಗುಂಡು ಹಾರಿದ್ದು ಜೂನ್ 28ರಂದು, ಆಸ್ಟ್ರಿಯಾ ಯುದ್ಧ ಸಾರಿದ್ದು ಜುಲೈ 28ರಂದು. ನಡುವೆ ಪೂರ್ತಿ ಒಂದು ತಿಂಗಳಿತ್ತು. ಆ ತಿಂಗಳನ್ನು ಮಾತುಕತೆಗಿಂತ ಹೆಚ್ಚಾಗಿ ನುಂಗಿದ್ದು ಗಡುವುಗಳು ಮತ್ತು ಸೈನ್ಯ ಸಾಗಿಸುವ ರೈಲುಗಳ ವೇಳಾಪಟ್ಟಿ.

ವಿಜಯನಗರದ ಸೈನ್ಯದಲ್ಲಿದ್ದ ಸರದಾರರಾದ ಗಿಲಾನಿ ಸಹೋದರರು ದ್ರೋಹ ಬಗೆಯದಿದ್ದರೆ ಇದೆಲ್ಲ ಆಗುತ್ತಿರಲಿಲ್ಲ ಎನ್ನುವವರಿದ್ದಾರೆ. ಯುದ್ಧವಾದ ಎರಡು ವರ್ಷಕ್ಕೆ ವಿಜಯನಗರಕ್ಕೆ ಬಂದ ವೆನಿಸ್ಸಿನ ವ್ಯಾಪಾರಿ ಚೆಸಾರೆ ಫೆಡೆರಿಚಿ ಇಬ್ಬರು ಮುಸ್ಲಿಂ ಸರದಾರರ ದ್ರೋಹದ ಮಾತು ಬರೆದಿದ್ದಾನೆ. ಅದು ನಿಜವೇ ಆಗಿದ್ದರೂ ಕಾಳಗದಲ್ಲಿ ವಿಜಯನಗರ ಏಕೆ ಸೋತಿತು ಎಂಬುದಕ್ಕೆ ಉತ್ತರವಾದೀತು, ಯುದ್ಧ ಏಕೆ ಬಂತು ಎಂಬುದಕ್ಕಲ್ಲ.

ಕೊನೆಯ ಆಕ್ಷೇಪವೆಂದರೆ, ಇಷ್ಟೆಲ್ಲ ಕಾರಣ ಕೂಡಿದ ಮೇಲೆ ಯುದ್ಧ ಅನಿವಾರ್ಯವೇ ಆಗಿತ್ತಲ್ಲವೇ? ಇಲ್ಲವೆನ್ನಲು ನಮ್ಮ ಕಾಲದ ಎರಡು ಉದಾಹರಣೆ ಸಾಕು. 1962ರ ಅಕ್ಟೋಬರಿನಲ್ಲಿ ಕ್ಯೂಬಾದ ಕ್ಷಿಪಣಿಗಳ ವಿಷಯದಲ್ಲಿ ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಅಣುಯುದ್ಧದ ಅಂಚಿಗೆ ಬಂದಿದ್ದವು. ಕೆನಡಿ ಬಹಿರಂಗವಾಗಿ ಬಿಗಿಯಾಗಿದ್ದು, ಗುಟ್ಟಾಗಿ ಟರ್ಕಿಯಿಂದ ತನ್ನ ಕ್ಷಿಪಣಿಗಳನ್ನು ತೆಗೆಯಲು ಒಪ್ಪಿದರು. ಕ್ರುಶ್ಚೇವ್ ಕೈಗೂ ಏನೋ ಸಿಕ್ಕಿತು, ಹಿಂದೆ ಸರಿಯುವ ದಾರಿಯೂ ಉಳಿಯಿತು. 1987ರ ಜನವರಿಯಲ್ಲಿ ರಾಜಸ್ಥಾನದಲ್ಲಿ ಭಾರತ ನಡೆಸುತ್ತಿದ್ದ ಬ್ರಾಸ್‌ಟ್ಯಾಕ್ಸ್ ಸಮರಾಭ್ಯಾಸವನ್ನು ಪಾಕಿಸ್ತಾನ ದಾಳಿಯ ಸಿದ್ಧತೆಯೆಂದು ಓದಿತು, ತನ್ನ ದಂಡನ್ನು ಗಡಿಗೆ ತಂದಿತು. ಅದನ್ನು ನೋಡಿ ಭಾರತ ಇನ್ನಷ್ಟು ಸೈನ್ಯ ತಂದಿತು. ಕೃಷ್ಣೆಯ ದಡದ ಆಟವೇ ಮತ್ತೆ ನಡೆದಿತ್ತು. ಈ ಸಲ ಎರಡೂ ದೇಶಗಳ ಅಧಿಕಾರಿಗಳು ದೆಹಲಿಯಲ್ಲಿ ಕೂತು, ಗಡಿಯ ಒಂದೊಂದು ಭಾಗದಿಂದ ಹಂತಹಂತವಾಗಿ ಸೈನ್ಯ ಹಿಂತೆಗೆಯಲು ಫೆಬ್ರವರಿಯ ಮೊದಲ ವಾರದಲ್ಲಿ ಒಪ್ಪಿಕೊಂಡರು. ಅದೇ ತಿಂಗಳು ಪಾಕಿಸ್ತಾನದ ಅಧ್ಯಕ್ಷ ಜಿಯಾ ಉಲ್ ಹಕ್ ಟೆಸ್ಟ್ ಪಂದ್ಯ ನೋಡುವ ನೆಪದಲ್ಲಿ ಜೈಪುರಕ್ಕೆ ಬಂದರು.