ರೇಷ್ಮೆಗೆ ಬಣ್ಣ ಹಿಡಿಸುವ ವಿದ್ಯೆ

ಯುಗಾದಿ, ರಾಜ್ಯೋತ್ಸವ ಬಂತೆಂದರೆ ಹೊರದೇಶದ ಕನ್ನಡ ಕೂಟಗಳಲ್ಲಿ ರೇಷ್ಮೆ ಸೀರೆಗಳದೇ ಸಂಭ್ರಮ. ಆ ರೇಷ್ಮೆಯ ಹಿನ್ನೆಲೆ ನಮಗೆ ಗೊತ್ತು: ಟಿಪ್ಪುವಿನ ಕಾಲದಲ್ಲಿ ಬೇರೂರಿದ ರೇಷ್ಮೆ ಕೃಷಿ, 1912ರಲ್ಲಿ ಮೈಸೂರಿನಲ್ಲಿ ಶುರುವಾದ ಕಾರ್ಖಾನೆ, ರಾಮನಗರದ ಗೂಡಿನ ಮಾರುಕಟ್ಟೆ. ಬಣ್ಣ ಎಲ್ಲಿಂದ ಬಂತೆಂದು ಮಾತ್ರ ವಿಚಾರಿಸುವವರು ಕಡಿಮೆ. ಗಿಡಮೂಲದ ಬಣ್ಣ ಎಂದೊಡನೆ ‘ಕೆಮಿಕಲ್ ಇಲ್ಲದ್ದು’ ಎಂದು ಹೊಗಳಿ ಸುಮ್ಮನಾಗುತ್ತೇವೆ. ಆ ಹೊಗಳಿಕೆ ತಪ್ಪೆಂದೇ ನನ್ನ ವಾದ. ಬೇರು, ಕಾಯಿ, ತೊಗಟೆಗಳಿಂದ ರೇಷ್ಮೆಗೆ ನಿಲ್ಲುವ ಬಣ್ಣ ಹಿಡಿಸುವುದೇ ಒಂದು ರಸಾಯನವಿದ್ಯೆ. ಅದರ ಬೆಲೆ ಇರುವುದು ಆ ತಿಳಿವಿನಲ್ಲಿ.

ಕೆಲಸ ನಡೆಯುವ ಬಗೆಯನ್ನೇ ನೋಡಿ. ಹಸಿ ರೇಷ್ಮೆಯ ತೂಕದಲ್ಲಿ ಸುಮಾರು ಕಾಲು ಭಾಗ ಹುಳು ಬಿಟ್ಟ ಅಂಟು. ಸೋಪಿನ ನೀರಿನಲ್ಲಿ ಬೇಯಿಸಿ ಅದನ್ನು ತೆಗೆದ ಮೇಲೆಯೇ ಎಳೆಗೆ ಹೊಳಪು ಬರುವುದು, ಬಣ್ಣ ಒಳಗಿಳಿಯುವುದು. ಬಳಿಕ ಲಡಿಗಳನ್ನು ಪಟಿಕದ ನೀರಿನಲ್ಲಿ ನೆನೆಹಾಕುತ್ತಾರೆ. ಪಟಿಕದ ಅಲ್ಯುಮಿನಿಯಂ ಎಳೆಯನ್ನೂ ಬಣ್ಣವನ್ನೂ ಬೆಸೆಯುತ್ತದೆ. ರೇಷ್ಮೆ ಪ್ರೋಟೀನ್ ಆದ್ದರಿಂದ ಪಟಿಕವನ್ನು ನೇರವಾಗಿ ಹೀರುತ್ತದೆ. ಹತ್ತಿಗಾದರೆ ಮೊದಲು ಅಳಲೆಕಾಯಿಯ ಒಗರು ಕುಡಿಸಬೇಕು. ಮಂಜಿಷ್ಠದ ಬೇರನ್ನು ಸಣ್ಣ ಉರಿಯಲ್ಲೇ ಕಾಯಿಸಬೇಕು, ಕುದಿ ಹತ್ತಿದರೆ ಕೆಂಪು ಮಂಕಾಗಿ ಕಂದಿಗೆ ತಿರುಗುತ್ತದೆ. ಇನ್ನು ಪಶ್ಚಿಮಘಟ್ಟದ ಕಾಡುಗಳಲ್ಲಿರುವ ಕುಂಕುಮದ ಮರ. ಅದರ ಕಾಯಿಗಳ ಮೇಲಿನ ಕೆಂಪು ಪುಡಿ ತಣ್ಣೀರಿನಲ್ಲಿ ಕರಗುವುದೇ ಇಲ್ಲ, ಸೋಡದಂಥ ಕ್ಷಾರ ಬೆರೆತರೆ ಮಾತ್ರ ಬಣ್ಣ ಬಿಡುತ್ತದೆ. ಕ್ಷಾರ ಹೆಚ್ಚಾದರೆ ರೇಷ್ಮೆಯ ಎಳೆಯೇ ಕೆಡುತ್ತದೆ. ಈ ಎರಡರ ನಡುವಿನ ಹದ ಕಂಡುಕೊಂಡವರು ರೇಷ್ಮೆಗೆ ಹೊಳೆಯುವ ಕಿತ್ತಳೆ ಬಣ್ಣ ಕೊಟ್ಟರು.

ಗಿಡದ ಬಣ್ಣ ನಿಲ್ಲುವುದಿಲ್ಲ ಎಂಬ ಆಕ್ಷೇಪಣೆಯಿದೆ. ಅರಿಸಿನದ ಮಟ್ಟಿಗೆ ಅದು ನಿಜ, ಬಿಸಿಲಿಗೆ ಬೇಗ ಮಾಸುತ್ತದೆ. ಆದರೆ ಮೊಹೆಂಜೊದಾರೋದಲ್ಲಿ ಬೆಳ್ಳಿಯ ಪಾತ್ರೆಗಂಟಿ ಉಳಿದ ಹತ್ತಿಬಟ್ಟೆಯ ಚೂರಿನಲ್ಲಿ ಮಂಜಿಷ್ಠ ಜಾತಿಯ ಕೆಂಪಿನ ಗುರುತು ಸಿಕ್ಕಿದೆ. ಅಲ್ಲಿಗೆ ಆ ಬಣ್ಣಕ್ಕೆ ನಾಲ್ಕು ಸಾವಿರ ವರ್ಷದ ಬಾಳಿಕೆ. ಬಣ್ಣ ನಿಲ್ಲುವುದು ಯಾವ ಗಿಡ, ಯಾವ ಹದ ಎಂಬುದರ ಮೇಲೆ. ಪರಿಸರದ ಮಾತು ಇನ್ನೂ ತೂಕದ್ದು. ನೀರು, ಸೌದೆ ಇಲ್ಲೂ ಬೇಕು; ಪಟಿಕದ ಬದಲು ತಾಮ್ರ, ಕ್ರೋಮಿಯಂ ಬಳಸಿದರೆ ಹೊರಬಿಟ್ಟ ನೀರು ವಿಷವೇ. ಹಾಗಾಗಿ ‘ನ್ಯಾಚುರಲ್’ ಎಂಬ ಚೀಟಿ ಯಾವ ಭರವಸೆಯನ್ನೂ ಕೊಡುವುದಿಲ್ಲ, ಮಾಡುವವರ ತಿಳಿವು ಕೊಡುತ್ತದೆ. ಬೆಲೆ ಹೆಚ್ಚೆನ್ನುವುದೂ ಸರಿಯೇ. 1856ರಲ್ಲಿ ರಸಾಯನಜ್ಞ ಪರ್ಕಿನ್ ಕಂಡುಹಿಡಿದ ಕೃತಕ ನೇರಳೆ ಬಣ್ಣ, 1897ರಲ್ಲಿ ಜರ್ಮನಿಯಿಂದ ಬಂದ ಕೃತಕ ನೀಲಿ ಗೆದ್ದದ್ದು ಅಗ್ಗವೂ ಏಕರೂಪವೂ ಆಗಿದ್ದರಿಂದ. ಎಲ್ಲ ಸೀರೆಗಳೂ ಗಿಡದ ಬಣ್ಣಕ್ಕೆ ಮರಳಲಿ ಎಂದು ನಾನು ಕೇಳುತ್ತಿಲ್ಲ. ಈ ಹದ ಬಲ್ಲ ಕೈಗಳಿಗೆ ಕೆಲಸ ತಪ್ಪದಿರಲಿ ಎಂದಷ್ಟೇ ಕೇಳುತ್ತಿದ್ದೇನೆ.

ಊರಿಗೆ ಹೋದಾಗ ಇಂಥ ಸೀರೆ ಕೊಳ್ಳುವವರು ಯಾವ ಗಿಡದ ಬಣ್ಣ, ಹಾಕಿದ್ದು ಪಟಿಕವೋ ತಾಮ್ರವೋ ಎಂದು ಕೇಳಿ. ಉತ್ತರ ಬಲ್ಲವರಿಂದಲೇ ಕೊಳ್ಳಿ, ಅವರು ಹೇಳಿದ ಬೆಲೆ ಕೊಡಿ. ತಂದ ಸೀರೆಯನ್ನು ಸೌಮ್ಯ ಸೋಪಿನಲ್ಲಿ ಒಗೆದು ನೆರಳಿನಲ್ಲಿ ಒಣಗಿಸಿ.