ಕೊಯ್ಲಿನ ನಡುವೆ ಒಂದು ಮತ

ನಮ್ಮ ರಾಜ್ಯದಲ್ಲಿ 2020ರ ಗ್ರಾಮ ಪಂಚಾಯಿತಿ ಚುನಾವಣೆ ಡಿಸೆಂಬರ್ 22 ಮತ್ತು 27ರಂದು, ಎರಡು ಹಂತಗಳಲ್ಲಿ ನಡೆಯಿತು. ಬೆಳೆಗಾರ ಬಂಧುಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅದು ಅರೇಬಿಕಾ ಕೊಯ್ಲೂ ಅಡಿಕೆ ಕೊಯ್ಲೂ ಒಟ್ಟಿಗೆ ಬರುವ ಕಾಲ. ಕಣದಲ್ಲಿ ಕಾಫಿ ಹರಡಿರುವಾಗ ಮತಗಟ್ಟೆಗೆ ಹೋಗಲು ಪುರಸೊತ್ತೆಲ್ಲಿ ಎಂದು ಕೆಲವರು ಕೇಳುವುದು ಸಹಜ. ಆದರೆ ‘ಒಂದು ಮತದಿಂದ ಏನಾದೀತು’ ಎಂಬ ಮಾತನ್ನು ನಾವು ಒಪ್ಪಲಾರೆವು.

ವಿಧಾನಸಭೆಯ ಲೆಕ್ಕವೇ ಬೇರೆ, ಪಂಚಾಯಿತಿಯ ಲೆಕ್ಕವೇ ಬೇರೆ. 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯಿದೆಯಂತೆ ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ. ಅದರಲ್ಲಿ 18 ವರ್ಷ ತುಂಬದವರನ್ನು ಬಿಟ್ಟರೆ ಉಳಿಯುವ ಮತದಾರರೆಷ್ಟು? ಹತ್ತು ಮನೆಯವರು ತೋಟದಲ್ಲೇ ಉಳಿದರೆ ಫಲಿತಾಂಶವೇ ಬದಲಾದೀತು. ಮತಗಳು ಸಮನಾದರೆ ಚೀಟಿ ಎತ್ತಿ ತೀರ್ಮಾನಿಸಬೇಕಾಗುತ್ತದೆ. ಕುಡಿಯುವ ನೀರು, ಬೀದಿದೀಪ, ನಾವು ಫಸಲು ಸಾಗಿಸುವ ಊರದಾರಿ, ಇವನ್ನೆಲ್ಲ ಚೀಟಿಯ ಅದೃಷ್ಟಕ್ಕೆ ಬಿಡಬಹುದೇ?

ಆದ್ದರಿಂದ ನಮ್ಮ ವಿನಂತಿ ಇಷ್ಟೇ. ಮತದಾರರ ಪಟ್ಟಿಯಲ್ಲಿ ಮನೆಯವರೆಲ್ಲರ ಹೆಸರಿದೆಯೇ ಎಂದು ಮುಂಚಿತವಾಗಿಯೇ ನೋಡಿಕೊಳ್ಳಿ. ಮತದಾನದ ದಿನ ಕೊಯ್ಲನ್ನು ಅರ್ಧ ದಿನ ನಿಲ್ಲಿಸಿ. ಕೆಲಸದವರಿಗೂ ಕೂಲಿ ಮುರಿಯದೆ ಬಿಡುವು ಕೊಡಿ. ಯಾರಿಗೆ ಮತ ಹಾಕಿದಿರೆಂದು ಮಾತ್ರ ಕೇಳಬೇಡಿ. ಹಣ್ಣು ಮರುದಿನವೂ ಗಿಡದಲ್ಲಿರುತ್ತದೆ. ತಪ್ಪಿದ ಮತಕ್ಕೆ ಐದು ವರ್ಷ ಕಾಯಬೇಕು.